ಪೋಷಣೆಯ ಪಠ್ಯಪುಸ್ತಕ: ಕೊಳ್ಳುವ ಮುನ್ನ ತಿರುವಿ ನೋಡಬೇಕಾದ ಪುಟಗಳು

ಒಂಬತ್ತು ವರ್ಷ ತುಂಬಿದ ಹುಡುಗಿ. ಎತ್ತರ 124 ಸೆಂ.ಮೀ., ತೂಕ 31 ಕಿಲೋ. ಯಾವುದೇ ಪೋಷಣಾ ಪುಸ್ತಕ ಕೈಗೆ ಬಂದರೂ ಈ ಮಗುವನ್ನು ಅದರ ಮುಂದೆ ನಿಲ್ಲಿಸಿ. ಪುಸ್ತಕ ಏನನ್ನುತ್ತದೆ ಎಂಬುದರ ಮೇಲೆ ಅದನ್ನು ಕೊಳ್ಳಬೇಕೋ, ಲೈಬ್ರರಿಯಲ್ಲೇ ಬಿಡಬೇಕೋ ತಿಳಿಯುತ್ತದೆ.

ವಯಸ್ಸಿಗೆ ತಕ್ಕ ತೂಕ ನೋಡುವ ಪುಸ್ತಕ ಈ ಹುಡುಗಿಯನ್ನು ಪಾಸು ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಈ ವಯಸ್ಸಿನ ಹುಡುಗಿಯರ ನಡುಗೆರೆ, ಅಂದರೆ ಅರ್ಧ ಮಕ್ಕಳು ಮೇಲೆ, ಅರ್ಧ ಕೆಳಗೆ ಬರುವ ಅಂಕಿ, ಸುಮಾರು 28 ಕಿಲೋ. 31 ಅಂದರೆ ನಮ್ಮ ಕಡೆ ಭಾಷೆಯಲ್ಲಿ "ಕೂಸು ಮೈ ಕೈ ತುಂಬಿಕೊಂಡದ, ಛಲೋ ಅದ". ಎತ್ತರದ ಚಾರ್ಟ್ ತೆರೆದರೆ ನಡುಗೆರೆ 132 ಸೆಂ.ಮೀ. ದಾಟಿದೆ. ಹುಡುಗಿ ಗಿಡ್ಡ, ಆದರೆ ಕುಂಠಿತ ಎನ್ನುವ ಗೆರೆಗಿಂತ ಮೇಲೇ ಇದ್ದಾಳೆ. ಇನ್ನು ಬಿಎಂಐ, ಅಂದರೆ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ: 31ನ್ನು 1.24ರ ವರ್ಗದಿಂದ, ಅಂದರೆ 1.5376ರಿಂದ ಭಾಗಿಸಿದರೆ 20.2. ಅದೇ ಸಂಸ್ಥೆಯ ಚಾರ್ಟಿನಲ್ಲಿ ಒಂಬತ್ತರ ಹುಡುಗಿಗೆ ನಡುಗೆರೆ 16.1, ಅತಿತೂಕದ ಗೆರೆ 18.3, ಬೊಜ್ಜಿನ ಗೆರೆ 21.5. ಹುಡುಗಿ ಅತಿತೂಕದ ಪಟ್ಟಿಯಲ್ಲಿ ಸಾಕಷ್ಟು ಒಳಗೇ ಇದ್ದಾಳೆ. ಒಂದೇ ಮಗು, ಮೂರು ಚಾರ್ಟ್, ಮೂರು ಉತ್ತರ. ಮೂರನ್ನೂ ಒಂದೇ ಪುಟದಲ್ಲಿ ಇಟ್ಟು, ಯಾಕೆ ಹೀಗೆ ಎಂದು ಬಿಡಿಸಿ ಹೇಳುವ ಪುಸ್ತಕ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಬಹುತೇಕ ಪುಸ್ತಕಗಳು ಇದನ್ನು ಮಾಡುವುದಿಲ್ಲ. ಹನ್ನೆರಡನೇ ಅಧ್ಯಾಯದಲ್ಲಿ ಅಪೌಷ್ಟಿಕತೆ, ಇಪ್ಪತ್ತನೆಯದರಲ್ಲಿ ಬೊಜ್ಜು. ಮೊದಲನೆಯದು ಬಡವರ ಮಗು, ಎರಡನೆಯದು ಶ್ರೀಮಂತರ ಮಗು, ಇಬ್ಬರಿಗೂ ಪರಿಚಯವೇ ಇಲ್ಲ ಎಂಬಂತೆ. ನಮ್ಮ ಜಿಲ್ಲೆಗಳಲ್ಲಿ ಆ ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ. ಎಷ್ಟೋ ಸಲ ಒಂದೇ ಮೈಯಲ್ಲಿರುತ್ತಾರೆ.

ಹಾಗಾಗಿ ಮೊದಲು ಚಾರ್ಟ್ ಪುಟ. ಬೊಜ್ಜಿನ ಅಧ್ಯಾಯದಲ್ಲಿ 85 ಮತ್ತು 95ನೇ ಪರ್ಸೆಂಟೈಲ್ (ನೂರು ಮಕ್ಕಳ ಸಾಲಿನಲ್ಲಿ ಎಷ್ಟನೆಯ ಸ್ಥಾನ) ಅಂತಷ್ಟೇ ಇದ್ದರೆ ಅದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2000ರ ಚಾರ್ಟು, ಅಲ್ಲಿನ ಮಕ್ಕಳ ಅಳತೆಗಳಿಂದ ಕಟ್ಟಿದ್ದು. ಪ್ಲಸ್ ಒಂದು, ಪ್ಲಸ್ ಎರಡು ಎಸ್‌ಡಿ (ನಡುಗೆರೆಯಿಂದ ಎಷ್ಟು ದೂರ ಎಂಬ ಅಳತೆ) ಎಂದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಚಾರ್ಟು, 5ರಿಂದ 19 ವರ್ಷದವರಿಗೆ. ಐದರೊಳಗಿನ ಮಕ್ಕಳಿಗೆ ಬೇರೆಯೇ ಇದೆ: 2006ರ ಮಾನದಂಡ, ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು, ಅದರಲ್ಲಿ ದೆಹಲಿಯ ಮಕ್ಕಳೂ ಸೇರಿದ್ದಾರೆ. ಅಲ್ಲಿ ಅತಿತೂಕ ಪ್ಲಸ್ ಎರಡರ ಮೇಲೆ, ಬೊಜ್ಜು ಪ್ಲಸ್ ಮೂರರ ಮೇಲೆ. ಈ ವ್ಯತ್ಯಾಸವನ್ನು ನುಂಗಿಹಾಕಿ "ಪ್ಲಸ್ ಎರಡರ ಮೇಲೆ ಬೊಜ್ಜು" ಎಂದು ಎಲ್ಲ ವಯಸ್ಸಿಗೂ ಒಂದೇ ಸಾಲು ಬರೆದ ಪುಸ್ತಕ ಹಿಡಿದು ಅಂಗನವಾಡಿಗೆ ಹೋದರೆ ಅತಿತೂಕವಷ್ಟೇ ಇರುವ ಮೂರು ವರ್ಷದ ಮಕ್ಕಳಿಗೂ ಬೊಜ್ಜಿನ ಹಣೆಪಟ್ಟಿ ಬೀಳುತ್ತದೆ.

ಮೂರನೆಯದು ನಮ್ಮದೇ, ಭಾರತೀಯ ಮಕ್ಕಳ ವೈದ್ಯರ ಸಂಘ, ಅಂದರೆ ಐಎಪಿ, 2015ರಲ್ಲಿ ತಂದ 5ರಿಂದ 18 ವರ್ಷದ ಚಾರ್ಟು. ಇದರಲ್ಲಿ ಅತಿತೂಕ, ಬೊಜ್ಜಿಗೆ ಪರ್ಸೆಂಟೈಲ್ ಬದಲು ದೊಡ್ಡವರ ಬಿಎಂಐ 23 ಮತ್ತು 27ಕ್ಕೆ ಸರಿಹೊಂದುವ ಎರಡು ಗೆರೆಗಳಿವೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಬಿಪಿ ಬರುತ್ತವೆ ಎಂಬ ಕಾರಣಕ್ಕೆ ಗೆರೆ ಕೆಳಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳು 19ರ ವಯಸ್ಸಿಗೆ ಸುಮಾರು 25 ಮತ್ತು 30ಕ್ಕೆ ಮುಟ್ಟುತ್ತವೆ. ಐಎಪಿ ಗೆರೆಗಳು 18ಕ್ಕೆ 23, 27ರಲ್ಲೇ ನಿಲ್ಲುತ್ತವೆ. 2015ಕ್ಕಿಂತ ಹಿಂದಿನ ಮುದ್ರಣದಲ್ಲಿ ಇದು ಇರಲು ಸಾಧ್ಯವೇ ಇಲ್ಲ. ಆಮೇಲಿನದರಲ್ಲೂ ಇಲ್ಲವೆಂದರೆ ಲೇಖಕರು ಮುಖಪುಟ ಬದಲಿಸಿದ್ದಾರೆ, ಅಧ್ಯಾಯ ಬದಲಿಸಿಲ್ಲ.

ಕಡಿಮೆ ತೂಕದಲ್ಲೇ ಯಾಕೆ ಅಪಾಯ ಎಂಬುದಕ್ಕೆ ಅರ್ಧ ಪುಟವಾದರೂ ಇರಬೇಕು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡ ತೋರಿಸಿದ್ದು, ಹುಟ್ಟುವಾಗ ಸಣ್ಣಗಿರುವ ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಅಷ್ಟೊಂದು ಕಡಿಮೆಯಲ್ಲ ಎಂದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ ಪಾರ್ಥೆನಾನ್ ಅಧ್ಯಯನದಲ್ಲೂ ಇದೇ ಕಂಡಿತು: ಕೈಕಾಲು ಸಣ್ಣ, ಬೆನ್ನಿನ ಮೇಲಿನ ಚರ್ಮದಡಿ ಕೊಬ್ಬು ಮಾತ್ರ ಉಳಿದುಕೊಂಡಿದೆ. ಕನ್ನಡದ ವಿದ್ಯಾರ್ಥಿಗೆ ಇದು ಮನೆಯ ಪಕ್ಕದ ಉದಾಹರಣೆ. ಆದರೂ ನಾವು ನೋಡಿದ ಕನ್ನಡ ಗೈಡುಗಳಲ್ಲಿ ಇದರ ಸುಳಿವಿಲ್ಲ.

ಈಗ ಅಳತೆಯ ಅಧ್ಯಾಯ. ಓದುಗರು ಹಾರಿಸುವ ಅಧ್ಯಾಯ, ಪರೀಕ್ಷೆಯಲ್ಲೂ ಐದು ಅಂಕಕ್ಕಿಂತ ಹೆಚ್ಚಿಲ್ಲ. ಆದರೆ ಎಡವುವುದು ಇಲ್ಲೇ. ಮೇಲಿನ ಹುಡುಗಿಯ ಎತ್ತರವನ್ನು 124ರ ಬದಲು 122 ಎಂದು ಬರೆದುಕೊಂಡರೆ ಬಿಎಂಐ 20.8, 126 ಎಂದರೆ 19.5. ತಕ್ಕಡಿಯಲ್ಲಿ ಅರ್ಧ ಕಿಲೋ ತಪ್ಪಿದರೆ ಆಗುವುದಕ್ಕಿಂತ ಗೋಡೆಯ ಟೇಪಿನಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ ಆಗುವ ಹಾನಿ ಹೆಚ್ಚು, ಯಾಕೆಂದರೆ ಎತ್ತರ ವರ್ಗವಾಗಿ ಕೂರುತ್ತದೆ. ಹಿಮ್ಮಡಿ, ಕುಂಡಿ, ತಲೆಯ ಹಿಂಭಾಗ ಗೋಡೆಗೆ ತಾಗಿರಬೇಕು, ಕಣ್ಣಿನ ಕೆಳಗಣ ಎಲುಬಿನ ಅಂಚು ಮತ್ತು ಕಿವಿಯ ತೂತು ಒಂದೇ ನೇರದಲ್ಲಿರಬೇಕು ಎಂದು ಎಲ್ಲರೂ ಬರೆಯುತ್ತಾರೆ. ನೆತ್ತಿಯ ಮೇಲೆ ಕಟ್ಟಿದ ಜುಟ್ಟು ಬಿಚ್ಚಿಸಿ ಎಂದು ಬರೆಯುವವರು ಕಡಿಮೆ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ ಅಳೆಯಬೇಕು. ಅಳುತ್ತದೆ ಅಂತ ನಿಲ್ಲಿಸಿ ಅಳೆದರೆ ಬಂದ ಅಂಕಿಗೆ 0.7 ಸೆಂ.ಮೀ. ಸೇರಿಸಬೇಕು. ಈ 0.7 ಪುಸ್ತಕದಲ್ಲಿದ್ದರೆ ಬರೆದವರು ಚಾರ್ಟಿನ ಜೊತೆಗಿನ ಸೂಚನೆ ಓದಿದ್ದಾರೆ ಎಂದರ್ಥ.

ವಯಸ್ಸಿನ ವಿಷಯ ಯಾವ ಪುಸ್ತಕದಲ್ಲೂ ಇಲ್ಲ, ನಾವೇ ಸೇರಿಸಿಕೊಳ್ಳಬೇಕು. ಶಾಲೆಯ ದಾಖಲೆ ತೆರೆದರೆ ಅರ್ಧ ತರಗತಿ ಜೂನ್ 1ಕ್ಕೆ ಹುಟ್ಟಿರುತ್ತದೆ! ಹಾಗೆ ಬರೆಸಿದ ತಾರೀಖಿಗೂ ನಿಜ ವಯಸ್ಸಿಗೂ ಏಳೆಂಟು ತಿಂಗಳ ಅಂತರವಿದ್ದರೆ ಎತ್ತರದ ಲೆಕ್ಕ ಪೂರ್ತಿ ಹಾಳು. ತಾಯಿ ಕಾರ್ಡಿನ ತಾರೀಖೇ ಗತಿ.

ಇನ್ನು ಆಹಾರದ ಕೋಷ್ಟಕ. ಭಾರತದ ಪುಸ್ತಕಗಳೆಲ್ಲ ಎರಡು ಮೂಲಗಳಲ್ಲಿ ಒಂದರಿಂದ ಅಂಕಿ ತೆಗೆದಿರುತ್ತವೆ. ಎರಡೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವು, ಅಂದರೆ ನಮಗೆ ಬೆಂಗಳೂರಿಗಿಂತ ಹತ್ತಿರದ ತಾರ್ನಾಕಾದವು. ಹಳೆಯದು ಸಿ. ಗೋಪಾಲನ್ ಮತ್ತು ಸಂಗಡಿಗರ ಕೋಷ್ಟಕ, 1971ರದ್ದು, 1989ರಲ್ಲಿ ಪರಿಷ್ಕರಣೆಯಾದದ್ದು. ಹೊಸದು 2017ರ ಭಾರತೀಯ ಆಹಾರ ಸಂಯೋಜನೆ ಕೋಷ್ಟಕ, 528 ಪದಾರ್ಥಗಳದ್ದು. ಪತ್ತೆ ಹಚ್ಚುವುದು ಸುಲಭ: ನೂರು ಗ್ರಾಂ ಜೋಳಕ್ಕೆ 349 ಕಿಲೋಕ್ಯಾಲೊರಿ ಎಂದಿದ್ದರೆ ಹಳೆಯದು, ಸುಮಾರು 334 ಎಂದಿದ್ದರೆ ಹೊಸದು. ಶೇಂಗಾದಲ್ಲಿ ಅಂತರ ಇನ್ನೂ ಹೆಚ್ಚು, 567 ಇದ್ದದ್ದು 520ಕ್ಕೆ ಇಳಿದಿದೆ. ತೊಗರಿಬೇಳೆ ಮಾತ್ರ ಹೆಚ್ಚೇನೂ ಅಲುಗಾಡಿಲ್ಲ, 335ರಿಂದ 331.

ಒಂದು ಹಿಡಿ ಶೇಂಗಾಕ್ಕೆ ಈ ಅಂತರ ಹದಿನೈದು ಕ್ಯಾಲೊರಿಯೂ ಇಲ್ಲ, ಅದಕ್ಕಾಗಿ ಪುಸ್ತಕ ಎಸೆಯಬೇಕಿಲ್ಲ. ಎಸೆಯಬೇಕಾದದ್ದು ಒಂದೇ ಮೆನುವಿನಲ್ಲಿ ಅಕ್ಕಿಗೆ ಹೊಸದು, ಜೋಳಕ್ಕೆ ಹಳೆಯದು ಎಂದು ಕಲಸಿಟ್ಟ ಪುಸ್ತಕವನ್ನು. ಇನ್ನೊಂದು ತೊಡಕು, ಹೊಸ ಕೋಷ್ಟಕ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಡುತ್ತದೆ. ಜೋಳದ 1398 ಎಂಬ ಅಂಕಿಯನ್ನು 4.184ರಿಂದ ಭಾಗಿಸಬೇಕು. ಭಾಗಿಸುವುದನ್ನು ಮರೆತು ನಕಲು ಮಾಡಿದವರನ್ನು ಹಿಡಿಯಲು ಒಂದು ಒರೆಗಲ್ಲು: ಪಿಷ್ಟ, ಪ್ರೋಟೀನು ಗ್ರಾಂಗೆ ನಾಲ್ಕು, ಕೊಬ್ಬು ಒಂಬತ್ತು ಕಿಲೋಕ್ಯಾಲೊರಿ. ಕೊಬ್ಬು ಕಡಿಮೆಯಿರುವ ಒಣ ಧಾನ್ಯ ಯಾವುದೂ ನೂರು ಗ್ರಾಂಗೆ ನಾನೂರು ದಾಟಲು ಬರುವುದಿಲ್ಲ.

ದಿನದ ಅಗತ್ಯದ ಪಟ್ಟಿಗೂ ಇಂಥದೇ ಗುರುತು ಇದೆ. ಕೂತು ಕೆಲಸ ಮಾಡುವ ಗಂಡಸಿಗೆ 2320 ಕಿಲೋಕ್ಯಾಲೊರಿ, ತೂಕ 60 ಕಿಲೋ ಎಂದಿದ್ದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2010ರ ಪಟ್ಟಿ. 2110, ತೂಕ 65 ಎಂದಿದ್ದರೆ 2020. ಮಕ್ಕಳಲ್ಲಿ 7ರಿಂದ 9 ವರ್ಷಕ್ಕೆ 1690 ಇದ್ದದ್ದು 1700 ಆಗಿದೆ, ಅಷ್ಟೇ. ಆದರೆ ಈ 1700 ಸಾಧಾರಣ ಓಡಾಟವಿರುವ ಮಗುವಿಗೆ. ಶಾಲೆ ಮುಗಿಸಿ ಟ್ಯೂಷನ್, ಟ್ಯೂಷನ್ ಮುಗಿಸಿ ಮೊಬೈಲು ಎಂದು ಕೂರುವ ಮಗುವಿಗಲ್ಲ. ಆರು ವರ್ಷ ದಾಟಿದ, ಓಡಾಟ ಕಡಿಮೆಯಿರುವ ಮಕ್ಕಳಿಗೆ ಶೇ. 15 ಇಳಿಸಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ವರದಿ ಹೇಳುತ್ತದೆ. 1700 ಆಗ 1445. ಆ 255ರ ಅಂತರ ತುಂಬಲು ಒಂದು ಜೋಳದ ರೊಟ್ಟಿ, ಒಂದು ಚಮಚ ಶೇಂಗಾ ಪುಡಿ ಸಾಕು. ಪಟ್ಟಿ ಕೊಟ್ಟು ಓಡಾಟದ ಮಾತೇ ಎತ್ತದ ಪುಸ್ತಕ ದಪ್ಪ ಮಗುವನ್ನು ಇನ್ನಷ್ಟು ತಿನ್ನು ಎಂದು ಕೂರಿಸುತ್ತದೆ.

ಅಡುಗೆಮನೆಗೆ ಬಂದರೆ ಆಮದು ಪುಸ್ತಕಗಳ ಬಣ್ಣ ಬಯಲಾಗುತ್ತದೆ. ಕ್ರೌಸ್ ಹೆಸರಿನಲ್ಲಿ ಬರುವ ಅಮೆರಿಕದ ದಪ್ಪ ಪುಸ್ತಕ ಜೀವರಸಾಯನ, ರೋಗಿಯ ಪೋಷಣಾ ತಪಾಸಣೆಯ ಕ್ರಮ, ಕೊಳವೆಯ ಮೂಲಕ ಉಣಿಸುವ ಲೆಕ್ಕ ಇವಕ್ಕೆಲ್ಲ ಇಂದಿಗೂ ಗಟ್ಟಿ. ಆಸ್ಪತ್ರೆಯ ಡಯೆಟಿಷಿಯನ್ ಆಗುವವರು ಓದಲೇಬೇಕು. ಆದರೆ ಅಲ್ಲಿನ ಪಿಷ್ಟದ ಒಂದು ವಿನಿಮಯ (ಒಂದರ ಬದಲು ಇನ್ನೊಂದು ತಿನ್ನಲು ಇಟ್ಟ ಅಳತೆ) ಎಂದರೆ 15 ಗ್ರಾಂ ಕಾರ್ಬೋಹೈಡ್ರೇಟ್, ಸುಮಾರು 80 ಕಿಲೋಕ್ಯಾಲೊರಿ, ಅಂದರೆ ಒಂದು ತುಂಡು ಬ್ರೆಡ್ಡು. ನಮ್ಮ ಒಂದು ರೊಟ್ಟಿ 60 ಗ್ರಾಂ ಹಿಟ್ಟಿನದು ಎಂದಿಟ್ಟುಕೊಳ್ಳಿ: ಕಾರ್ಬೋಹೈಡ್ರೇಟ್ ಸುಮಾರು 40 ಗ್ರಾಂ, ಶಕ್ತಿ 200. "ಬ್ರೆಡ್ ಬದಲು ಒಂದು ರೊಟ್ಟಿ" ಎಂದು ಬರೆದುಕೊಟ್ಟರೆ ಮಗುವಿಗೆ ಸಿಗುವುದು ಎರಡೂವರೆ ಬ್ರೆಡ್ಡು.

ರೊಟ್ಟಿಯನ್ನು ಎಣಿಸುವುದಕ್ಕಿಂತ ಹಿಟ್ಟು ತೂಗುವುದು ಸರಿ. ಆ ಮನೆಯ ಹಿಟ್ಟಿನ ಡಬ್ಬಿಯಿಂದ 600 ಗ್ರಾಂ ತೂಗಿ ಕೊಡಿ, ಬಿಸಿನೀರು ಹಾಕಿ ನಾದಿ ಎಷ್ಟು ರೊಟ್ಟಿ ಬಡಿಯುತ್ತಾರೆ ನೋಡಿ. ಹತ್ತಾದರೆ ಒಂದಕ್ಕೆ 60 ಗ್ರಾಂ, ಎಂಟಾದರೆ 75 ಗ್ರಾಂ ಮತ್ತು 250 ಕಿಲೋಕ್ಯಾಲೊರಿ. ಬೆಂದ ರೊಟ್ಟಿ ತೂಗಿದರೆ ಮೋಸ ಹೋಗುತ್ತೀರಿ: ಬಿಸಿ ರೊಟ್ಟಿ ನೀರು ಹಿಡಿದು ಹಿಟ್ಟಿಗಿಂತ ಭಾರ ತೂಗುತ್ತದೆ, ಅದೇ ಒಣಗಿ ಖಡಕ್ ಆದರೆ ಹೆಚ್ಚುಕಡಿಮೆ ಹಿಟ್ಟಿನ ತೂಕಕ್ಕೇ ಬಂದು ನಿಲ್ಲುತ್ತದೆ. ಶಕ್ತಿ ಎರಡರಲ್ಲೂ ಒಂದೇ. ಖಡಕ್ ರೊಟ್ಟಿ ಹಗುರ, ಡಯೆಟ್‌ಗೆ ಒಳ್ಳೆಯದು ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ. ಬೇಯಿಸಿದ ತೂಕವೋ ಹಸಿ ತೂಕವೋ ಎಂದು ಪ್ರತಿ ಕೋಷ್ಟಕದ ತಲೆಯ ಮೇಲೆ ಬರೆಯದ ಪುಸ್ತಕಕ್ಕೆ ಅರ್ಧ ಅಂಕವೂ ಕೊಡಬೇಡಿ.

ದಪ್ಪ ಮಗುವಿನ ಮಾದರಿ ಊಟದ ಪುಟ ಓದಿದರೆ ನಗು ಬರುತ್ತದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಬ್ರೌನ್ ರೈಸ್, ಸಂಜೆ ಸೇಬು, ರಾತ್ರಿ ಸೂಪು. ಶಹಾಪುರದಲ್ಲೋ ಆಳಂದದಲ್ಲೋ ಯಾವ ತಾಯಿ ಇದನ್ನು ಮಾಡುತ್ತಾಳೆ? ಮಾಡಬೇಕಾದ ಅಗತ್ಯವೂ ಇಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ತೊಗರಿಬೇಳೆ, ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇರುವ ತಟ್ಟೆಯಲ್ಲಿ ತಿದ್ದುವಂಥದ್ದು ಎಣ್ಣೆಯ ಅಳತೆಯೊಂದೇ. ಹೆಚ್ಚುವರಿ ಶಕ್ತಿ ಅಡಗಿರುವುದು ಊಟದ ಹೊರಗೆ: ಎರಡು ಚಮಚ ಸಕ್ಕರೆಯ ಚಹಾದಲ್ಲಿ ಅದ್ದಿದ ಬಿಸ್ಕೆಟ್ಟು, ಸುಸಲಾ ಜೊತೆಗಿನ ಮಿರ್ಚಿ ಭಜಿ, ಶಾಲೆ ಎದುರಿನ ಐದು ರೂಪಾಯಿ ಪಾಕೀಟು, ಮದುವೆ ಸೀಸನ್ನಿನಲ್ಲಿ ತಂಪು ಪಾನೀಯ. 250 ಮಿ.ಲೀ. ಕೋಲಾದಲ್ಲಿ 25 ಗ್ರಾಂ ದಾಟಿ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚನೆಯಂತೆ ಸೇರಿಸಿದ ಸಕ್ಕರೆ ಶಕ್ತಿಯ ಶೇ. 10ರೊಳಗಿರಬೇಕು, 5ರೊಳಗಾದರೆ ಇನ್ನೂ ಒಳ್ಳೆಯದು. 1700ರ ಮಗುವಿಗೆ ಶೇ. 5 ಎಂದರೆ 21 ಗ್ರಾಂ, ಒಂದೇ ಬಾಟಲಿಗೆ ದಾಟಿತು. ಬೀದರ್ ಕಡೆ ಬೆಲ್ಲ ಸಕ್ಕರೆಯಲ್ಲ ಎಂಬ ವಾದ ಬರುತ್ತದೆ. ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ ಎಂದು ಪುಸ್ತಕ ಖಂಡಿತವಾಗಿ ಹೇಳಬೇಕು. ಶಾಲಾ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರುವಂತಿಲ್ಲ ಎಂಬ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2020ರದ್ದು. ಇದು ಇಲ್ಲದಿದ್ದರೆ ಅಧ್ಯಾಯ ಹಳೆಯದು.

ಬಿಸಿಯೂಟ ಲೆಕ್ಕಕ್ಕೆ ಬಾರದ ಮೆನು ಸರ್ಕಾರಿ ಶಾಲೆಯ ಮಗುವಿಗೆ ಕೆಲಸಕ್ಕೆ ಬರುವುದಿಲ್ಲ. ಕಿರಿಯ ಪ್ರಾಥಮಿಕಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ನಿಯಮದಲ್ಲಿ 450 ಕಿಲೋಕ್ಯಾಲೊರಿ, ಅಕ್ಕಿಯಿಂದ ಕೂಡಿಸಿದರೆ 480ರ ಹತ್ತಿರ ಬರುತ್ತದೆ. ಅದರ ಮೇಲೆ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು. ಮೊಟ್ಟೆ ಯೋಜನೆ 2021ರ ಡಿಸೆಂಬರಿನಲ್ಲಿ ಶುರುವಾದದ್ದೇ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ. ದಪ್ಪ ಮಗುವಿಗೆ ಮೊಟ್ಟೆ ಬಿಡಿಸಿ ಎಂದು ಬರೆದ ಗೈಡು ಕಂಡರೆ ಅಲ್ಲೇ ಮುಚ್ಚಿಡಿ. ಬಿಡಿಸಬೇಕಾದದ್ದು ಪಾಕೀಟು.

ಎಲ್ಲಕ್ಕಿಂತ ಸೂಕ್ಷ್ಮದ ಜಾಗ ಗಿಡ್ಡ ಮತ್ತು ದಪ್ಪ ಮಗುವಿನದು. ಮಕ್ಕಳ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಒಂದು ಹಳೆಯ, ಸರಿಯಾದ ಸೂತ್ರವಿದೆ: ಉಂಡು ದಪ್ಪಗಾದ ಮಗು ಸಾಮಾನ್ಯವಾಗಿ ವಯಸ್ಸಿಗಿಂತ ಎತ್ತರ ಇರುತ್ತದೆ, ಗಿಡ್ಡ ಮತ್ತು ದಪ್ಪ ಇದ್ದರೆ ಥೈರಾಯ್ಡ್ ಮೊದಲಾದ ಗ್ರಂಥಿ ತೊಂದರೆ ಹುಡುಕಿ. ಎರಡು ವರ್ಷದೊಳಗೇ ಎತ್ತರ ಕುಂಠಿತವಾದ ಮಕ್ಕಳು ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಈ ಸೂತ್ರ ಹಾಗೇ ಹಾಕಿದರೆ ಎಷ್ಟೋ ದಪ್ಪ ಮಕ್ಕಳನ್ನು ಸುಮ್ಮನೆ ರಕ್ತಪರೀಕ್ಷೆಗೆ ಕಳಿಸಬೇಕಾಗುತ್ತದೆ. ಹಾಕದೇ ಬಿಟ್ಟರೆ ನಿಜವಾದ ಥೈರಾಯ್ಡ್ ಮಗು ತಪ್ಪಿಹೋಗುತ್ತದೆ. ಬಿಡಿಸುವ ಕೀಲಿ ಬೆಳವಣಿಗೆಯ ವೇಗ. ಆರು ತಿಂಗಳ ಅಂತರದಲ್ಲಿ ಎರಡು ಸಲ, ಅದೇ ಗೋಡೆ, ಅದೇ ಕೈ. ಪ್ರೌಢಾವಸ್ಥೆಗೆ ಮುಂಚಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಮೊದಲೇ ಕುಂಠಿತವಾದ ಮಗು ಕೆಳಗಿನ ಗೆರೆಯಲ್ಲೇ ಇದ್ದರೂ ಆ ಗೆರೆಗೆ ಸಮಾನಾಂತರವಾಗಿ ಏರುತ್ತದೆ. ಗ್ರಂಥಿ ತೊಂದರೆಯ ಮಗು ಗೆರೆ ದಾಟಿ ಕೆಳಗಿಳಿಯುತ್ತದೆ, ವೇಗ ನಾಲ್ಕಕ್ಕಿಂತ ಕಡಿಮೆಯಾದರೆ ತಡಮಾಡದೆ ಕಳಿಸಬೇಕು. ಕೇರಳದ ಮಕ್ಕಳ ತಜ್ಞೆ ಕೆ. ಇ. ಎಲಿಜಬೆತ್ ಅವರ ಪೋಷಣೆ ಮತ್ತು ಮಗುವಿನ ಬೆಳವಣಿಗೆಯ ಪುಸ್ತಕ ಹುಟ್ಟಿದ್ದೇ ಮಕ್ಕಳ ವಾರ್ಡಿನ ಕಡೆಯಿಂದ. ಹಾಗಾಗಿ ಕುಂಠಿತ ಬೆಳವಣಿಗೆ, ಅಳತೆ, ಪುನಶ್ಚೇತನದ ಆಹಾರ ಇವುಗಳಿಗೆ ಗೃಹವಿಜ್ಞಾನದ ಪುಸ್ತಕಗಳಿಗಿಂತ ಅದನ್ನೇ ಮೊದಲು ತೆರೆಯಬೇಕು. ನರ್ಸಿಂಗ್, ವೈದ್ಯಕೀಯ ವಿದ್ಯಾರ್ಥಿಗಳಿಗೆ ನಮ್ಮ ಮೊದಲ ಆಯ್ಕೆ ಇದು, ಜೊತೆಗೆ ಐಎಪಿ ಚಾರ್ಟು.

ಪುನಶ್ಚೇತನದ ಮಾತು ಬಂತು. ತೀವ್ರ ಅಪೌಷ್ಟಿಕ ಮಕ್ಕಳಿಗೆ ಕೊಡುವ ಎಫ್-75, ಎಫ್-100 ಹಾಲಿನ ಪಾಕ ಎಲ್ಲ ಪುಸ್ತಕದಲ್ಲೂ ಇದೆ, ನೂರು ಮಿ.ಲೀ.ಗೆ 75, 100 ಕಿಲೋಕ್ಯಾಲೊರಿ. ಯಾವಾಗ ನಿಲ್ಲಿಸಬೇಕು ಎಂಬುದು ಮಾತ್ರ ಅರ್ಧ ಸಾಲು. ಪುನಶ್ಚೇತನ ಕೇಂದ್ರದಿಂದ ಮನೆಗೆ ಬಂದ ಕೂಸಿಗೆ ತುಪ್ಪ, ಸಕ್ಕರೆ ಸೇರಿಸಿ ಉಣಿಸುವುದನ್ನು ವರ್ಷಗಟ್ಟಲೆ ಮುಂದುವರಿಸಿದರೆ ತೂಕ ಏರುತ್ತದೆ, ಎತ್ತರ ಏರುವುದಿಲ್ಲ. ಒಂಬತ್ತು ವರ್ಷದ ನಮ್ಮ ಹುಡುಗಿ ತಯಾರಾಗುವ ಒಂದು ದಾರಿ ಇದು.

ಉಳಿದವನ್ನು ಬೇಗ ಹೇಳಿಬಿಡಬಹುದು. ಬಿ. ಶ್ರೀಲಕ್ಷ್ಮಿ ಅವರ ಪುಸ್ತಕಗಳು ಬಿಎಸ್ಸಿಗೆ ಅನಿವಾರ್ಯ, ಭಾರತದ ಅಡುಗೆ, ಭಾರತದ ಅಂಕಿ, ಪರೀಕ್ಷೆಗೆ ಬೇಕಾದ ಜೋಡಣೆ. ಮಗುವಿನ ಬೊಜ್ಜಿಗೆ ಅಷ್ಟೇ ಸಾಲದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದ ಎಂ. ಸ್ವಾಮಿನಾಥನ್ ಅವರ ಹಳೆಯ ಸಂಪುಟಗಳಲ್ಲಿ ಪ್ರೋಟೀನು, ವಿಟಮಿನ್ನುಗಳ ಮೂಲಪಾಠ ಈಗಲೂ ಸ್ವಚ್ಛ, ಅಗತ್ಯದ ಪಟ್ಟಿ ಮಾತ್ರ ನೋಡಬೇಡಿ. ಪಾರ್ಕ್ ಹೆಸರಿನ ಪುಸ್ತಕ ಸಮುದಾಯ ಆರೋಗ್ಯಕ್ಕೆ, ಯೋಜನೆಗಳ ಹೆಸರು, ಇಸವಿಗೆ. ಅಂಗನವಾಡಿ ಮೇಲ್ವಿಚಾರಕಿ ಹುದ್ದೆಗೆ ಓದುವವರು ದಪ್ಪ ಪುಸ್ತಕಕ್ಕೆ ದುಡ್ಡು ಹಾಕುವ ಮೊದಲು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಇಳಿಸಿಕೊಳ್ಳಲಿ, ಪುಕ್ಕಟೆ ಸಿಗುತ್ತದೆ. 2000 ಕಿಲೋಕ್ಯಾಲೊರಿಯ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು ಸೇರಿ 400, ಬೇಳೆ ಅಥವಾ ಮೊಟ್ಟೆ ಮಾಂಸ 85 ಎಂದು ಅಳತೆ ಸಮೇತ ಇದೆ. ಕನ್ನಡ ಗೈಡುಗಳ ದೊಡ್ಡ ರೋಗ ಪದಗಳದ್ದು: ಕುಂಠಿತ ಬೆಳವಣಿಗೆ (ವಯಸ್ಸಿಗೆ ಎತ್ತರ ಕಡಿಮೆ), ಕೃಶತೆ (ಎತ್ತರಕ್ಕೆ ತೂಕ ಕಡಿಮೆ), ಕಡಿಮೆ ತೂಕ (ವಯಸ್ಸಿಗೆ ತೂಕ ಕಡಿಮೆ) ಮೂರಕ್ಕೂ "ಅಪೌಷ್ಟಿಕತೆ" ಎಂಬ ಒಂದೇ ಪದ ಹಾಕಿ ಮುಂದೆ ಹೋಗುತ್ತವೆ. ಮಗುವಿನ ಬೊಜ್ಜಿನ ಔಷಧಿ, ಶಸ್ತ್ರಚಿಕಿತ್ಸೆಯ ಭಾಗವನ್ನು ಯಾವ ಪಠ್ಯಪುಸ್ತಕದಿಂದಲೂ ಕಲಿಯಬೇಡಿ. ಅದು ಅಚ್ಚಾಗುವುದರೊಳಗೆ ಹಳತಾಗಿರುತ್ತದೆ. ಹತ್ತು ವರ್ಷದೊಳಗಿನ ಹೆಚ್ಚಿನ ಮಕ್ಕಳಲ್ಲಿ ತೂಕ ಇಳಿಸುವುದಲ್ಲ, ಏರದಂತೆ ಹಿಡಿದಿಟ್ಟು ಎತ್ತರ ಬರಲು ಬಿಡುವುದು ಎಂಬ ಒಂದು ಸಾಲು ಇದೆಯೇ ನೋಡಿಕೊಂಡರೆ ಸಾಕು.

ಸೆಕೆಂಡ್ ಹ್ಯಾಂಡ್ ಪ್ರತಿ ಕೊಳ್ಳುವುದಾದರೆ ಹಿಂಬದಿಯ ಚಾರ್ಟುಗಳು ಇವೆಯೇ ಎಣಿಸಿ. ಮೊದಲು ಕಳಚಿ ಹೋಗುವುದು ಅವೇ, ಅಂಗಡಿಯವರು ಜೆರಾಕ್ಸ್ ಸೇರಿಸಿ ಕೊಡುತ್ತಾರೆ. ಐಎಪಿ ಚಾರ್ಟಿನಲ್ಲಿ 23ರ ಗೆರೆ ಕಿತ್ತಳೆ, 27ರದ್ದು ಕೆಂಪು. ಹುಡುಗರ ಹಾಳೆ ನೀಲಿ, ಹುಡುಗಿಯರದು ಗುಲಾಬಿ. ಕಪ್ಪು ಬಿಳುಪು ಜೆರಾಕ್ಸಿನಲ್ಲಿ ಎರಡು ಗೆರೆಯೂ ಒಂದೇ ಬೂದು, ಎರಡು ಹಾಳೆಯೂ ಒಂದೇ. ಬಣ್ಣದ ಪ್ರಿಂಟು ತೆಗೆಸಿ, ಅಥವಾ ಸ್ಕೆಚ್ ಪೆನ್ನಿನಿಂದ ಗೆರೆಗಳನ್ನು ತಿದ್ದಿ ಮೇಲೆ "ಹುಡುಗಿ" ಎಂದು ದೊಡ್ಡದಾಗಿ ಬರೆದುಕೊಳ್ಳಿ.